ಹೊಲದ ಶೆಡ್ಡಿಗೆ ಎಚ್ಚರಿಕೆ ಗಂಟೆ: ಕೇಳುವವರು ಯಾರು, ಮೊದಲು ನೋಡಿ

ಹಿಂಗಾರಿ ರಾಶಿ ಮುಗಿದು ಬಿಳಿಜೋಳ, ಕಡಲೆ, ಕುಸುಬೆ ಚೀಲ ಸೇರಿದವೆಂದರೆ ರೈತನ ಕಾಳಜಿ ಇಳಿಯಿತು ಎನ್ನುತ್ತಾರೆ. ಮಾಲನ್ನು ನೇರವಾಗಿ ಅಡತಿ ಅಂಗಡಿಗೆ ಹಾಕುವವರ ಮಟ್ಟಿಗೆ ಈ ಮಾತು ನಿಜ. ಧಾರಣಿ ಏರಲಿ ಎಂದು ಎರಡು ಮೂರು ತಿಂಗಳು ಕಾಯ್ದಿಡುವವರಿಗೆ ಕಾಳಜಿ ಶುರುವಾಗುವುದೇ ಆಗ. ಸಣ್ಣದೊಂದು ಗೂಡ್ಸ್ ಗಾಡಿ ಶೆಡ್ಡಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತರೆ ನಾಲ್ಕು ಜನ ಅರ್ಧ ತಾಸಿನಲ್ಲಿ ಮೂವತ್ತು ಚೀಲ ಕಡಲೆ ಏರಿಸಬಲ್ಲರು. ಬಿತ್ತಿದ ದಿನದಿಂದ ಹೂಡಿದ ಹಣ, ಮೈಮುರಿದು ಮಾಡಿದ ದುಡಿಮೆ, ಸೊಸಾಯಿಟಿಯ ಸಾಲದ ಕಂತು ಎಲ್ಲವೂ ಆ ಅರ್ಧ ತಾಸಿನಲ್ಲಿ ಹೋದಂತೆಯೇ.

ನಮ್ಮ ಹಿರಿಯರು ಕಾಳನ್ನು ಹಗೇವಿಗೆ ಹಾಕುತ್ತಿದ್ದರು. ಹಗೇವು ಕೆಡದಂತೆ ಕಾಯುವುದಕ್ಕಷ್ಟೇ ಅಲ್ಲ, ಕಳ್ಳರಿಂದ ಕಾಯುವುದಕ್ಕೂ ಒಳ್ಳೆಯ ಉಪಾಯವಾಗಿತ್ತು. ಬಾಯಿಯ ಮೇಲಿನ ಮಣ್ಣು ತೋಡಬೇಕು, ಕಲ್ಲು ಸರಿಸಬೇಕು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಅವಸರ ಮಾಡಿ ಇಳಿದವನು ಉಸಿರುಗಟ್ಟಿ ಅಲ್ಲಿಯೇ ಬೀಳುತ್ತಿದ್ದ. ಊರ ನಡುವೆ, ಹತ್ತು ಮನೆಯವರ ಕಣ್ಣೆದುರಿಗೆ ಇಷ್ಟೆಲ್ಲ ಕೆಲಸವನ್ನು ಗುಟ್ಟಾಗಿ ಮಾಡುವುದು ಆಗದ ಮಾತು. ಇಂದಿನ ಪತ್ರಾಸಿನ ಶೆಡ್ಡಿನ ಗುಣವೇ ಬೇರೆ. ಅದು ಊರ ಹೊರಗೆ, ರಸ್ತೆಗೆ ಹತ್ತಿರ ಇರುತ್ತದೆ. ಪತ್ರಾಸಗಳನ್ನು ಹಿಡಿದಿಟ್ಟ ಹುಕ್ ಬೋಲ್ಟಿನ ನಟ್ಟುಗಳು ಹೊರಗಡೆಗೇ ಇರುತ್ತವೆ. ಒಂದು ಪಾನಾ ಇದ್ದರೆ ಸಾಕು, ಬಾಗಿಲಿಗೆ ಹಾಕಿದ ದೊಡ್ಡ ಕೀಲಿಯನ್ನು ಮುಟ್ಟುವ ಕಾರಣವೇ ಇಲ್ಲ.

ಹೀಗಾಗಿ ಅಲಾರಂ ಹಾಕಿಸುವ ವಿಚಾರ ಬರುವುದು ಸಹಜ. ಬಾಗಿಲು ತೆರೆದರೆ ಗಂಟೆ ಬಾರಿಸುವ ವಿದ್ಯುತ್ ಉಪಕರಣಕ್ಕೆ ಅಮೆರಿಕದ ಆಗಸ್ಟಸ್ ಪೋಪ್ ಎಂಬವನು ಪೇಟೆಂಟು ಪಡೆದದ್ದು 1853ರಲ್ಲಿ. ಆಗಿನಿಂದ ಈಗಿನವರೆಗೆ ಉಪಕರಣ ಎಷ್ಟೋ ಸುಧಾರಿಸಿದ್ದರೂ ಅದರ ಕೆಲಸ ಬದಲಾಗಿಲ್ಲ. ಅಲಾರಂ ಕಳ್ಳನನ್ನು ಹಿಡಿಯುವುದಿಲ್ಲ, ತಡೆಯುವುದೂ ಇಲ್ಲ. ಅದು ಕೂಗುತ್ತದೆ, ಅಷ್ಟೆ. ಆ ಕೂಗು ಯಾರ ಕಿವಿಗೆ ಬೀಳುತ್ತದೆ, ಬಿದ್ದರೆ ಅವರು ಎದ್ದು ಬರುತ್ತಾರೆಯೇ ಎಂಬ ಎರಡು ಪ್ರಶ್ನೆಗೆ ಉತ್ತರ ಹುಡುಕಿದ ಮೇಲೆಯೇ ಅಂಗಡಿಯ ಮೆಟ್ಟಲು ಹತ್ತುವುದು ಒಳಿತು. ಹೆಚ್ಚಿನವರು ಮೊದಲು ಡಬ್ಬಿ ಕೊಂಡು ತರುತ್ತಾರೆ, ಆಮೇಲೆ ವಿಚಾರ ಮಾಡುತ್ತಾರೆ.

ಕೂಗು ಎಲ್ಲಿಯವರೆಗೆ?

ಸೈರನ್ ಡಬ್ಬಿಯ ಮೇಲೆ 110 ಡೆಸಿಬಲ್ ಎಂದು ಬರೆದಿರುತ್ತದೆ. ಇದು ಒಂದು ಮೀಟರ್ ದೂರದಲ್ಲಿ ನಿಂತು ಅಳೆದ ಸದ್ದು. ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬಲ್ ಕಡಿಮೆಯಾಗುತ್ತ ಹೋಗುತ್ತದೆ. ಲೆಕ್ಕ ಹಾಕಿದರೆ 100 ಮೀಟರಿಗೆ 70, ಒಂದು ಕಿಲೋಮೀಟರಿಗೆ 50 ಡೆಸಿಬಲ್ ಉಳಿಯುತ್ತದೆ. 50 ಎಂದರೆ ಮನೆಯೊಳಗೆ ಮೆಲ್ಲಗೆ ಮಾತಾಡಿದಷ್ಟು. ಎದುರುಗಾಳಿ ಇದ್ದರೆ, ಬಾಗಿಲು ಮುಚ್ಚಿ ಫ್ಯಾನು ಹಚ್ಚಿ ಮಲಗಿದ್ದರೆ ಅದೂ ಕೇಳದು. ಶೆಡ್ಡು ಮನೆಯಿಂದ ಕೂಗಳತೆಯೊಳಗೆ ಇದ್ದವರಿಗೆ ಸೈರನ್ ಒಂದೇ ಸಾಕು. ದೂರ ಇದ್ದವರಿಗೆ ಫೋನಿಗೆ ಕರೆ ಮಾಡುವ ಪೆಟ್ಟಿಗೆ ಬೇಕೇ ಬೇಕು.

ಬಾಗಲಕೋಟೆ ಸುತ್ತಿನಲ್ಲಿ ಇದು ಇನ್ನಷ್ಟು ಮುಖ್ಯ. ಆಲಮಟ್ಟಿ ಹಿನ್ನೀರಿನಿಂದ ಮೂಲ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಅನೇಕರಿಗೆ ಮನೆ ಒಂದು ಕಡೆ, ಉಳಿದ ಹೊಲ ಇನ್ನೊಂದು ಕಡೆ. ಅಂಥವರು ಸಿಮ್ ಹಾಕುವ ಅಲಾರಂ ಪೆಟ್ಟಿಗೆ ಕೊಳ್ಳುವಾಗ ಅದು 2ಜಿಯದೋ 4ಜಿಯದೋ ಕೇಳಿಕೊಳ್ಳಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು 2ಜಿಯಲ್ಲಿ ಮಾತ್ರ ನಡೆಯುವಂಥವು. ಜಿಯೋ ಕಂಪನಿಗೆ 2ಜಿ ಸೇವೆಯೇ ಇಲ್ಲದ್ದರಿಂದ ಅದರ ಸಿಮ್ ಇವುಗಳಲ್ಲಿ ಕೆಲಸ ಮಾಡುವುದಿಲ್ಲ. ಶೆಡ್ಡಿನೊಳಗೆ ನಿಂತು, ಬಾಗಿಲು ಹಾಕಿಕೊಂಡು, ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿ ಬರುತ್ತದೆ ಎಂದು ಮೊಬೈಲಿನಲ್ಲಿ ನೋಡಿಯೇ ಸಿಮ್ ತೆಗೆದುಕೊಳ್ಳಿರಿ. ಪತ್ರಾಸು ಸಿಗ್ನಲನ್ನು ತಡೆಯುತ್ತದೆ. ಪೆಟ್ಟಿಗೆಯಲ್ಲಿ ಮೂರು ನಾಲ್ಕು ನಂಬರು ಹಾಕಲು ಬರುತ್ತದೆ. ನಿಮ್ಮದೊಂದೇ ಹಾಕದೆ ಶೆಡ್ಡಿನ ಸಮೀಪ ಮಲಗುವ ನೆರೆಹೊಲದವರದನ್ನೂ ಹಾಕಿ. ರೀಚಾರ್ಜ್ ಮುಗಿದ ಸಿಮ್ ಮೂಕನಿದ್ದಂತೆ, ಅದರ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸುಳ್ಳು ಕೂಗು

ಗಂಟೆ ಸುಮ್ಮಸುಮ್ಮನೆ ನಾಲ್ಕು ಸಲ ಬಾರಿಸಿತೆನ್ನಿ. ಐದನೆಯ ಸಲ ನಿಜವಾದ ಕಳ್ಳ ಬಂದಾಗ ನೆರೆಹೊಲದ ಕಾಕಾ ಏನೆಂದಾರು? "ಮತ್ತ ಒದರಾಕತ್ತೈತಿ, ಬೆಕ್ಕ ಇರಬೇಕು, ಮಲಕೋ ತಮ್ಮಾ" ಎನ್ನುತ್ತಾರೆ. ಆದ್ದರಿಂದ ಸೆನ್ಸರನ್ನು ಆರಿಸುವಾಗ ಅದು ಎಷ್ಟು ಚುರುಕು ಎಂದು ನೋಡುವುದಕ್ಕಿಂತ ಎಷ್ಟು ಕಡಿಮೆ ಸುಳ್ಳು ಹೇಳುತ್ತದೆ ಎಂದು ನೋಡತಕ್ಕದ್ದು.

ಅಂಗಡಿಯವರು ಮೊದಲು ತೋರಿಸುವುದು ಚಲನೆ ಅರಿಯುವ ಕಣ್ಣು, ಅಂದರೆ ಪಿ.ಐ.ಆರ್. ಸೆನ್ಸರ್. ಇದು ಮೈಶಾಖವನ್ನು ಗುರುತಿಸುತ್ತದೆ. ಗೋಡೆಯ ಶಾಖಕ್ಕೂ ಮನುಷ್ಯನ ಶಾಖಕ್ಕೂ ಅಂತರವಿದ್ದರೆ ಮಾತ್ರ ಇದರ ಆಟ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿದ ದಿನ ಪತ್ರಾಸಿನ ಶೆಡ್ಡಿನ ಒಳಭಾಗ ಕತ್ತಲಾದ ಮೇಲೂ ಮೈಶಾಖದಷ್ಟೇ ಬಿಸಿ ಇರುತ್ತದೆ. ಆಗ ಈ ಕಣ್ಣಿಗೆ ಮನುಷ್ಯ ಸರಿಯಾಗಿ ಕಾಣುವುದಿಲ್ಲ. ಚಳಿಗಾಲದಲ್ಲಿ ಇದಕ್ಕೆ ತದ್ವಿರುದ್ಧ, ಬೆಕ್ಕು, ಹೆಗ್ಗಣ, ಬಾವಲಿಗೂ ಕೂಗುತ್ತದೆ. ಕಾಳಿನ ಶೆಡ್ಡಿಗೆ ಇದನ್ನೊಂದನ್ನೇ ನಂಬುವುದು ಬೇಡ.

ಅಲುಗಾಟಕ್ಕೆ ಕೂಗುವ ಸೆನ್ಸರೂ ಸಿಗುತ್ತದೆ. ಬಾದಾಮಿಯವರಿಗೆ ಅದರ ಗತಿ ಹೇಳಬೇಕಾಗಿಲ್ಲ. ಮಂಗಗಳು ಪತ್ರಾಸಿನ ಮೇಲೆ ಜಿಗಿದಾಡುವ ಊರಿನಲ್ಲಿ ಅದು ಹಗಲೆಲ್ಲ ಒದರುತ್ತದೆ. ಇಳಕಲ್ಲಿನ ಸುತ್ತ ಕಲ್ಲಿನ ಗಣಿ ಇರುವ ಕಡೆ ಮದ್ದು ಹಾರಿಸಿದರೂ, ಕಲ್ಲು ಹೇರಿದ ಲಾರಿ ಹೋದರೂ ನಡುಗುತ್ತದೆ. ಬಿಟ್ಟುಬಿಡಿ.

ಬಾಗಿಲಿಗೆ ಅಯಸ್ಕಾಂತ, ಗೋಡೆಗೆ ತಂತಿ

ಎಲ್ಲಕ್ಕಿಂತ ಸರಳವಾದದ್ದೂ ಅಗ್ಗವಾದದ್ದೂ ಬಾಗಿಲಿಗೆ ಹಚ್ಚುವ ಮ್ಯಾಗ್ನೆಟ್ ಸ್ವಿಚ್ಚು. ಇದರಲ್ಲಿ ಎರಡು ತುಂಡು. ಒಂದರೊಳಗೆ ಸಣ್ಣ ಗಾಜಿನ ನಳಿಗೆ, ಅದರಲ್ಲಿ ತೆಳುವಾದ ಎರಡು ಲೋಹದ ಪಟ್ಟಿ, ಇನ್ನೊಂದು ಅಯಸ್ಕಾಂತ. ಅಯಸ್ಕಾಂತ ಸಮೀಪ ಇದ್ದಾಗ ಪಟ್ಟಿಗಳು ಕೂಡಿರುತ್ತವೆ, ಬಾಗಿಲು ತೆರೆದು ಅದು ದೂರ ಸರಿದರೆ ಬೇರೆಯಾಗುತ್ತವೆ. ನಳಿಗೆಯ ತುಂಡನ್ನು ಚೌಕಟ್ಟಿಗೆ, ಅಯಸ್ಕಾಂತವನ್ನು ಬಾಗಿಲಿಗೆ, ಒಳಮೈಯಲ್ಲಿ, ಬಿಜಾಗ್ರಿಯ ಕಡೆಗಲ್ಲ, ತೆರೆಯುವ ಕಡೆಗೆ ಕೂಡಿಸಬೇಕು. ಕಬ್ಬಿಣದ ಬಾಗಿಲಾದರೆ ಕಬ್ಬಿಣವೇ ಅಯಸ್ಕಾಂತದ ಬಲವನ್ನು ಹೀರುತ್ತದೆ. ಅದಕ್ಕೆ ಎರಡೂ ತುಂಡಿನ ಕೆಳಗೆ ಅರ್ಧ ಇಂಚಿನ ಕಟ್ಟಿಗೆಯ ತುಂಡು ಕೊಟ್ಟು ಕೂಡಿಸಿ, ನಡುವಿನ ಸಂದು ಒಂದು ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಿ.

ಹುನಗುಂದ ಕಡೆಯ ಎರಿ ಹೊಲದವರಿಗೆ ಇಲ್ಲೊಂದು ಮಾತು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಜೊತೆಗೆ ಶೆಡ್ಡಿನ ಕಂಬ, ಚೌಕಟ್ಟು ಎರಡೂ ಸರಿದಾಡುತ್ತವೆ. ದೀಪಾವಳಿಗೆ ಸರಿಯಾಗಿ ಕೂಡಿಸಿದ ಸ್ವಿಚ್ಚು ಯುಗಾದಿಯ ಹೊತ್ತಿಗೆ ಬೆರಳಷ್ಟು ಅಗಲವಾಗಿ ತಾನೇ ಕೂಗತೊಡಗಿದರೆ ಉಪಕರಣವನ್ನು ಬೈಯಬೇಡಿ. ಹೆಚ್ಚು ಸಂದು ತಡೆಯುವ ದೊಡ್ಡ ನಮೂನೆಯ ಸ್ವಿಚ್ಚನ್ನೇ ಮೊದಲು ಕೇಳಿ ತನ್ನಿ, ಮಳೆಗಾಲ ಬೇಸಿಗೆ ಎರಡಕ್ಕೂ ಒಮ್ಮೊಮ್ಮೆ ನೋಡಿ ಸರಿಪಡಿಸಿ.

ಪತ್ರಾಸು ಬಿಚ್ಚಿ ಬರುವವನಿಗೆ ಏನು ಮಾಡಬೇಕು? ಇದಕ್ಕೆ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಉಪಾಯವಿದೆ. ಕೈಯಿಂದ ಜಗ್ಗಿದರೆ ಹರಿಯುವಷ್ಟು ತೆಳುವಾದ ವೈಂಡಿಂಗ್ ತಾಮ್ರದ ತಂತಿಯನ್ನು ತಂದು ಶೆಡ್ಡಿನ ಒಳಗೋಡೆಯ ಸುತ್ತ, ಮೊಣಕಾಲಿನ ಎತ್ತರಕ್ಕೆ ಒಂದು, ಎದೆಯ ಎತ್ತರಕ್ಕೆ ಒಂದು ಸುತ್ತು ಎಳೆಯಿರಿ. 40 ಅಡಿ ಉದ್ದ, 20 ಅಡಿ ಅಗಲದ ಶೆಡ್ಡಿಗೆ ಎರಡು ಸುತ್ತೆಂದರೆ 240 ಅಡಿ ಬೇಕು. ಅಲ್ಲಲ್ಲಿ ಅದನ್ನು ಪತ್ರಾಸಿಗೇ ಬಿಗಿದಿಡಬೇಕು, ಪತ್ರಾಸು ಸರಿದರೆ ತಂತಿ ಹರಿಯಬೇಕು. ಬಿಗಿಯುವಲ್ಲಿ ಪ್ಲಾಸ್ಟಿಕ್ ಕ್ಲಿಪ್ಪು ಬಳಸಿ. ತಂತಿಯ ಮೇಲಿನ ಲೇಪ ತಿಕ್ಕಿ ಹೋಗಿ ತಾಮ್ರ ಪತ್ರಾಸಿಗೆ ತಾಗಿದರೆ ಉಪಯೋಗವಿಲ್ಲ. ಜೋಡಿಸುವ ತುದಿಗಳಲ್ಲಿ ಮಾತ್ರ ಆ ಲೇಪವನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಬಾಗಿಲ ಸ್ವಿಚ್ಚು ಮತ್ತು ಈ ತಂತಿ ಒಂದರ ಹಿಂದೊಂದು, ಸರಪಳಿಯಂತೆ ಜೋಡಣೆಯಾಗಬೇಕು.

ಮಿಸ್ತ್ರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಸರಪಳಿ "ಎನ್.ಸಿ." ರೀತಿಯದಾಗಿರಲಿ. ಅಂದರೆ ಕಾವಲಿನ ಹೊತ್ತಿನಲ್ಲಿ ಅದರಲ್ಲಿ ಸದಾ ಸಣ್ಣದೊಂದು ಕರೆಂಟು ಹರಿಯುತ್ತಿರಬೇಕು, ಹರಿವು ನಿಂತ ಕೂಡಲೆ ಗಂಟೆ ಬಾರಿಸಬೇಕು. ಕಳ್ಳ ತಂತಿ ಕತ್ತರಿಸಿದರೆ ಆಗಲೂ ಬಾರಿಸುತ್ತದೆ. ಇದಕ್ಕೆ ವಿರುದ್ಧವಾದ "ಎನ್.ಓ." ಜೋಡಣೆಯಲ್ಲಿ ತಂತಿ ಕತ್ತರಿಸಿದವನೇ ಗೆದ್ದ.

ಉಳ್ಳಾಗಡ್ಡಿ ಶೆಡ್ಡಿಗೆ ಗಾಳಿಯಾಡಲು ಗೋಡೆಗಳನ್ನೇ ಜಾಳಿಗೆಯಂತೆ ಮಾಡಿರುತ್ತಾರೆ. ಅಲ್ಲಿಯೂ ಈ ತೆಳು ತಂತಿಯೇ ಅನುಕೂಲ, ಜಾಳಿಗೆಯ ಒಳಮೈಗೆ ಹೆಣೆದರಾಯಿತು.

ಬಾಗಿಲಿಗೆ ಕರೆಂಟು ಬಿಡಬೇಡಿ

ಇಷ್ಟೆಲ್ಲ ಖಟಪಟಿ ಯಾಕೆ, ಬಾಗಿಲಿಗೋ ಬೇಲಿಗೋ ಲೈನಿನ ಕರೆಂಟು ಕೊಟ್ಟರಾಯಿತು ಎನ್ನುವವರು ಪ್ರತಿ ಊರಿನಲ್ಲಿ ಒಬ್ಬರಾದರೂ ಇರುತ್ತಾರೆ. 230 ವೋಲ್ಟಿಗೆ ಕಳ್ಳ ಯಾರು, ಮೊಮ್ಮಗ ಯಾರು ಎಂಬ ಭೇದ ತಿಳಿಯದು. ಬೆಳಗಿನ ಜಾವ ಹಾಲು ಕರೆಯಲು ಬಂದ ಹೆಂಗಸು, ಹಗ್ಗ ಹರಿದುಕೊಂಡು ಬಂದ ಎತ್ತು, ಸ್ವಿಚ್ಚು ಆರಿಸಲು ಮರೆತ ಮಾಲಕ, ಯಾರೇ ಮುಟ್ಟಿದರೂ ಅಷ್ಟೇ. ಸತ್ತವನು ಕಳ್ಳನೇ ಆಗಿದ್ದರೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 105ನೆಯ ಕಲಮಿನಂತೆ ಕೊಲೆಯಲ್ಲದ ನರಹತ್ಯೆಯ ಮೊಕದ್ದಮೆ ಶೆಡ್ಡಿನ ಮಾಲಕನ ಮೇಲೆ ಬರಬಹುದು. ಮೂವತ್ತು ಚೀಲ ಕಡಲೆ ಉಳಿಸಲು ಹೋಗಿ ಹೊಲವನ್ನೇ ಮಾರಿ ಕೋರ್ಟಿಗೆ ಅಲೆಯಬೇಕಾಗುತ್ತದೆ. ಸೋಲಾರ್ ಬೇಲಿಯ ಯಂತ್ರ ಕ್ಷಣಾರ್ಧದ ಬಡಿತಗಳನ್ನು ಮಾತ್ರ ಕೊಡುತ್ತದೆ, ಅದರ ಹೆಸರು ಹೇಳಿ ನೇರ ಲೈನು ಜೋಡಿಸುವವರ ಮಾತು ಕೇಳಬಾರದು.

ಕರೆಂಟು ಹೋದ ರಾತ್ರಿ

ಹೊಲದ ಲೈನಿನಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತದೆಂಬುದು ಕಳ್ಳನಿಗೂ ಗೊತ್ತು. ಅಲಾರಂ ಪೆಟ್ಟಿಗೆ ಬ್ಯಾಟರಿಯ ಮೇಲೆಯೇ ನಡೆಯುವಂತಿರಬೇಕು. ಸಾಮಾನ್ಯವಾಗಿ ಸಿಗುವುದು 12 ವೋಲ್ಟಿನ, 7 ಆಂಪಿಯರ್-ಅವರಿನ ಬ್ಯಾಟರಿ. ಪೆಟ್ಟಿಗೆ ಸುಮ್ಮನಿದ್ದಾಗ 0.1 ಆಂಪಿಯರ್ ಎಳೆಯುತ್ತದೆಂದು ಹಿಡಿದರೆ ಲೆಕ್ಕಕ್ಕೆ 70 ತಾಸು. ಬ್ಯಾಟರಿಯನ್ನು ಪೂರ್ತಿ ಬರಿದುಮಾಡಬಾರದಾದ್ದರಿಂದ ಅದರ ಅರ್ಧವನ್ನಷ್ಟೇ ನಂಬಿ. 10 ವಾಟಿನ ಸೋಲಾರ್ ಫಲಕ ಒಳ್ಳೆಯ ಬಿಸಿಲಿನ ದಿನ ಅಂದಂದಿನ ಖರ್ಚನ್ನು ತುಂಬಿಕೊಡುತ್ತದೆ. ಮೋಡದ ದಿನಗಳಿಗಾಗಿ 20 ವಾಟಿನದನ್ನು, ನಡುವೆ ಚಾರ್ಜ್ ಕಂಟ್ರೋಲರ್ ಸಹಿತ ಹಾಕಿಸುವುದು ಲೇಸು. ಫಲಕವನ್ನು ಕೈಗೆಟುಕದ ಎತ್ತರದಲ್ಲಿ ಬಿಗಿಯಿರಿ, ಇಲ್ಲವಾದರೆ ಮೊದಲು ಕಳುವಾಗುವುದು ಅದೇ.

ಸೈರನ್ ಎರಡಿದ್ದರೆ ಚೆನ್ನ. ಒಂದು ಹೊರಗೆ, ಊರಿನ ಕಡೆ ಮುಖಮಾಡಿ, ಎತ್ತರದಲ್ಲಿ. ಇನ್ನೊಂದು ಒಳಗೆ, ಒಳಹೊಕ್ಕವನ ಕಿವಿ ಚಿಟ್ಟುಹಿಡಿಯುವಂತೆ. ಐದು ನಿಮಿಷ ಕೂಗಿ ತಾನಾಗಿ ನಿಂತು ಮತ್ತೆ ಕಾವಲಿಗೆ ಸಿದ್ಧವಾಗುವಂತೆ ಇಡಬೇಕು.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದಿಲ್ಲ, ಅವರಿಗೆ ಕಾಳಿನ ವಿಷಯ ಗೊತ್ತಿರುವುದಿಲ್ಲ. ನುಸಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟು ಚೀಲಗಳಿಗೆ ಹೊಗೆ ಹಾಕಿಸಿದಾಗ ಏಳುವ ಫಾಸ್ಫೀನ್ ಅನಿಲ ಮನುಷ್ಯನಿಗೆ ಪ್ರಾಣಾಂತಿಕ. ಅದು ತಾಮ್ರವನ್ನೂ ತಿನ್ನುತ್ತದೆ. ಅಲಾರಂ ಪೆಟ್ಟಿಗೆ ಆ ಅನಿಲದಲ್ಲಿ ಇದ್ದರೆ ಒಳಗಿನ ಸರ್ಕಿಟ್ಟು ಕೆಡುತ್ತದೆ. ಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲಿ ಇಡಿ, ಇಲ್ಲವೆ ತರಬೇತಾದವರು ಗುಳಿಗೆ ಇಡುವ ಮುಂಚೆ ಬಿಚ್ಚಿ ಹೊರಗೊಯ್ಯಿರಿ. ಗೋಡೆಯ ತಂತಿಯನ್ನು ಆಮೇಲೆ ಒಮ್ಮೆ ಪರೀಕ್ಷಿಸಿ, ಅಗತ್ಯ ಬಿದ್ದರೆ ಹೊಸದನ್ನು ಎಳೆಯಿರಿ. ಆ ದಿನಗಳಲ್ಲಿ ಗಂಟೆ ಬಾರಿಸಿದರೂ ಒಳಗೆ ನುಗ್ಗಬಾರದು.

ಅಮಾವಾಸ್ಯೆಯ ಪರೀಕ್ಷೆ

ಎತ್ತು ಹೂಡದ ಅಮಾವಾಸ್ಯೆಯ ದಿನ ಪರೀಕ್ಷೆಗೆ ಇಟ್ಟುಕೊಳ್ಳಿ. ಒಬ್ಬರು ಮನೆಯಲ್ಲಿ ಬಾಗಿಲು ಹಾಕಿ ಕೂಡಬೇಕು, ಇನ್ನೊಬ್ಬರು ಮೇನ್ ಸ್ವಿಚ್ಚು ತೆಗೆದು ಶೆಡ್ಡಿನ ಬಾಗಿಲು ತೆರೆಯಬೇಕು. ಕೇಳಿಸಿತೇ, ಫೋನು ಬಂತೇ ಎಂದು ನೋಡಿ. ನೆರೆಯವರಿಗೆ ಮೊದಲೇ ತಿಳಿಸಿರಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯ ನಾಟಕ ನೋಡಲು ಮನೆಮಂದಿಯೆಲ್ಲ ಹೊರಡುವ ಮುಂಚೆ ಇನ್ನೊಂದು ಸಲ ನೋಡುವುದು ಒಳ್ಳೆಯದು.

ನಿಜವಾಗಿ ಗಂಟೆ ಬಾರಿಸಿದ ರಾತ್ರಿ ಒಬ್ಬರೇ ಓಡಬೇಡಿ. ಮೊದಲು 112ಕ್ಕೆ ಫೋನು ಮಾಡಿ, ನೆರೆಯವರನ್ನು ಎಬ್ಬಿಸಿ, ಬೆಳಕು ಹಿಡಿದು ಸದ್ದು ಮಾಡುತ್ತ ಹೋಗಿ. ಓಡುವವನನ್ನು ಅಡ್ಡಗಟ್ಟುವ ಗೋಜು ಬೇಡ, ಗಾಡಿಯ ನಂಬರು ಸಿಕ್ಕರೆ ಸಾಕು. ಹೆಜ್ಜೆಯ, ಗಾಲಿಯ ಗುರುತು ತುಳಿಯಬಾರದು. ಚೀಲಗಳ ಮೇಲೆ ನಿಮ್ಮ ಹೆಸರಿನ ಬಣ್ಣದ ಗುರುತು, ಮೋಟಾರಿನ ನಂಬರು, ಸ್ಪ್ರಿಂಕ್ಲರ್ ಪೈಪಿನ ಪಾವತಿ ಮನೆಯಲ್ಲಿ ಬರೆದಿಟ್ಟದ್ದಿದ್ದರೆ ಠಾಣೆಯಲ್ಲಿ ಫಿರ್ಯಾದಿ ಬರೆಸುವುದು ಸುಲಭ. ಮುರಿದ ಕೊಂಡಿಯನ್ನು, ಬಿಚ್ಚಿದ ಪತ್ರಾಸನ್ನು ದುರಸ್ತಿ ಮಾಡುವ ಮುಂಚೆ ಫೋಟೊ ತೆಗೆದಿಡಿ. ಕಳವಿನ ವಿಮೆ ಮಾಡಿಸಿದವರಿಗೆ ಕಂಪನಿಯವರು ಮೊದಲು ಕೇಳುವುದು ಬಲವಂತದಿಂದ ಒಳಹೊಕ್ಕ ಗುರುತನ್ನೇ.