ಪರದೇಶದ ಸಕ್ಕರೆಯ ಮೇಲಣ ಸುಂಕವೂ ನಮ್ಮ ಕಬ್ಬಿನ ಬೇಸಾಯವೂ

ಪರದೇಶಗಳಿಂದ ಬರುವ ಸರಕುಗಳ ಮೇಲೆ ಸುಂಕವನ್ನು ಹಾಕಬೇಕೇ ಬೇಡವೇ ಎಂಬ ಪ್ರಶ್ನೆಯು ವರ್ತಕರಿಗೂ ಅರ್ಥಶಾಸ್ತ್ರಜ್ಞರಿಗೂ ಸೇರಿದುದೆಂದು ಹಳ್ಳಿಗಳಲ್ಲಿ ಅನೇಕರು ಭಾವಿಸಿರುವರು. ಇದು ಸರಿಯಲ್ಲ. ಕಬ್ಬು, ರೇಷ್ಮೆ, ಎಣ್ಣೆಬೀಜ ಮುಂತಾದುವನ್ನು ಬೆಳೆಯುವವನ ಆದಾಯವು ದೂರದ ಬಂದರುಗಳಲ್ಲಿ ವಸೂಲಾಗುವ ಸುಂಕವನ್ನು ಬಹುಮಟ್ಟಿಗೆ ಅವಲಂಬಿಸಿರುವುದು. ಸುಂಕವನ್ನು ಹೆಚ್ಚಿಸಬೇಕೆಂದೋ ತಗ್ಗಿಸಬೇಕೆಂದೋ ಸರ್ಕಾರವನ್ನು ಪ್ರಾರ್ಥಿಸುವ ಮಹಜರುಗಳು ಗ್ರಾಮದ ಮುಖಂಡರ ಬಳಿಗೆ ರುಜುವಿಗಾಗಿ ಬರುವುದೂ ಉಂಟು. ರುಜು ಹಾಕುವುದಕ್ಕೆ ಮುಂಚೆ ಸುಂಕದ ಲಾಭವು ಯಾರಿಗೆ ಸೇರುವುದು, ಅದರ ಭಾರವನ್ನು ಯಾರು ಹೊರುವರು ಎಂಬುದನ್ನು ತಿಳಿದಿರುವುದು ಅವಶ್ಯಕ. ಈ ವಿಷಯವನ್ನು ನಮ್ಮ ದೇಶದಲ್ಲಿಯೇ ನಡೆದ ಸಕ್ಕರೆಯ ಸುಂಕದ ಚರಿತ್ರೆಯಿಂದ ವಿವರಿಸಲಾಗುವುದು.

ಸುಂಕದಲ್ಲಿ ಎರಡು ಬಗೆ

ಬೊಕ್ಕಸಕ್ಕೆ ಹಣ ಬರಲೆಂದು ಹಾಕುವ ಸುಂಕವು ಆದಾಯದ ಸುಂಕ. ಪರದೇಶದ ಸರಕಿನ ಬೆಲೆಯನ್ನು ಏರಿಸಿ, ನಮ್ಮ ಕೈಗಾರಿಕೆಯು ಅದರೊಡನೆ ಸ್ಪರ್ಧಿಸುವಂತೆ ಮಾಡಲು ಹಾಕುವುದು ಸಂರಕ್ಷಣೆಯ ಸುಂಕ. ಮೊದಲನೆಯದು ಸಫಲವಾಗಬೇಕಾದರೆ ಸರಕು ಬರುತ್ತಲೇ ಇರಬೇಕು. ಎರಡನೆಯದು ಪೂರ್ತಿಯಾಗಿ ಸಫಲವಾದರೆ ಸರಕು ಬರುವುದೇ ನಿಲ್ಲುವುದು. ಆದುದರಿಂದ ಒಂದೇ ಸುಂಕದಿಂದ ಎರಡು ಫಲಗಳನ್ನೂ ಬಹುಕಾಲ ಪಡೆಯಲಾಗದು.

ಇಬ್ರಾಹಿಂ ರಹಿಂತುಲಾ ಅವರ ಅಧ್ಯಕ್ಷತೆಯಲ್ಲಿ ೧೯೨೧ರಲ್ಲಿ ನೇಮಕವಾದ ಇಂಡಿಯಾ ಫಿಸ್ಕಲ್ ಕಮಿಷನ್ನು ಮರುವರ್ಷ ತನ್ನ ವರದಿಯನ್ನು ಒಪ್ಪಿಸಿತು. ಯಾವ ಕೈಗಾರಿಕೆಗೆ ಸಂರಕ್ಷಣೆಯನ್ನು ಕೊಡಬಹುದೆಂಬುದಕ್ಕೆ ಅದು ಮೂರು ನಿಬಂಧನೆಗಳನ್ನು ವಿಧಿಸಿತು. ೧. ಕಚ್ಚಾ ಸಾಮಗ್ರಿ, ಕೂಲಿ, ದೇಶದೊಳಗಿನ ಮಾರುಕಟ್ಟೆ ಮೊದಲಾದ ಸ್ವಾಭಾವಿಕ ಅನುಕೂಲಗಳು ಆ ಕೈಗಾರಿಕೆಗೆ ಇರಬೇಕು. ೨. ಸಂರಕ್ಷಣೆಯಿಲ್ಲದೆ ಅದು ಬೆಳೆಯಲಾರದು, ಅಥವಾ ಬೇಕಾದಷ್ಟು ಬೇಗನೆ ಬೆಳೆಯಲಾರದು ಎಂಬಂತಿರಬೇಕು. ೩. ಕಾಲಕ್ರಮದಲ್ಲಿ ಸುಂಕದ ಆಸರೆಯಿಲ್ಲದೆಯೇ ಅದು ಲೋಕದ ಸ್ಪರ್ಧೆಯನ್ನು ಎದುರಿಸುವಂತಾಗಬೇಕು. ಸಸಿಯನ್ನು ದನ ಮೇಯದಿರಲೆಂದು ಬೇಲಿ ಕಟ್ಟುವೆವು. ಮರವಾದ ಮೇಲೆ ಬೇಲಿಯು ಬೇಕಾಗುವುದಿಲ್ಲ. ಮೂರನೆಯ ನಿಬಂಧನೆಯ ಭಾವವು ಇದೇ.

ಜಾವಾ ಸಕ್ಕರೆಯ ಸ್ಪರ್ಧೆ

ಕಬ್ಬಿನ ಬೇಸಾಯದಲ್ಲಿ ನಮ್ಮ ದೇಶವು ಬಹು ಪುರಾತನವಾದುದು. ಆದರೂ ೧೯೩೦ರ ವೇಳೆಗೆ ನಮ್ಮಲ್ಲಿ ಬೆಳೆದ ಕಬ್ಬಿನ ಬಹುಭಾಗವು ಬೆಲ್ಲವಾಗುತ್ತಿತ್ತು. ಬಿಳಿಯ ಸಕ್ಕರೆಯು ಮುಖ್ಯವಾಗಿ ಜಾವಾ ದ್ವೀಪದಿಂದ ಬರುತ್ತಿತ್ತು. ಅಲ್ಲಿಯವರು ಸಂಶೋಧನೆಯಿಂದ ಪಿ.ಒ.ಜೆ. ೨೮೭೮ ಎಂಬ ತಳಿಯನ್ನು ಪಡೆದು, ಎಕರೆಯೊಂದಕ್ಕೆ ನಮ್ಮ ರೈತರಿಗಿಂತ ಎಷ್ಟೋ ಹೆಚ್ಚು ಸಕ್ಕರೆಯನ್ನು ತೆಗೆಯುತ್ತಿದ್ದರು. ೧೯೨೯ರ ತರುವಾಯ ಲೋಕದಲ್ಲೆಲ್ಲಾ ಬೆಲೆಗಳು ಕುಸಿದಾಗ ಈ ಸಕ್ಕರೆಯು ಇನ್ನೂ ಅಗ್ಗವಾಯಿತು. ಇತ್ತ ಕೊಯಮತ್ತೂರಿನಲ್ಲಿ ೧೯೧೨ರಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂಶೋಧನ ಕೇಂದ್ರದಿಂದ ಹೊರಟ ತಳಿಗಳು ಉತ್ತರ ಹಿಂದೂಸ್ಥಾನದಲ್ಲಿ ಹರಡಿ ಕಬ್ಬಿನ ಇಳುವರಿಯು ಹೆಚ್ಚುತ್ತಿತ್ತು. ಹೆಚ್ಚಿದ ಕಬ್ಬೆಲ್ಲವೂ ಆಲೆಮನೆಗೇ ಹೋದರೆ ಬೆಲ್ಲದ ಬೆಲೆಯು ನೆಲಕಚ್ಚುವುದೆಂಬ ಭಯವಿತ್ತು. ಸಂರಕ್ಷಣೆಯ ಪ್ರಶ್ನೆಯು ಕಾರ್ಖಾನೆಯವರದು ಮಾತ್ರವಾಗಿರದೆ ರೈತರದೂ ಆದುದು ಹೀಗೆ.

೧೯೩೧ರಲ್ಲಿ ಬೊಕ್ಕಸದ ಕೊರತೆಗಾಗಿ ಸಕ್ಕರೆಯ ಸುಂಕವನ್ನು ಹಂಡ್ರೆಡ್‌ವೇಟಿಗೆ, ಎಂದರೆ ೧೧೨ ಪೌಂಡಿಗೆ, ೭ ರೂಪಾಯಿ ೪ ಆಣೆಗೆ ಏರಿಸಿ, ಅದೇ ವರ್ಷ ಅದರ ಮೇಲೆ ಕಾಲುಭಾಗ ಹೆಚ್ಚುವರಿಯನ್ನೂ ಸೇರಿಸಿದರು. ಒಟ್ಟು ೯ ರೂಪಾಯಿ ೧ ಆಣೆಯಾಯಿತು. ಟ್ಯಾರಿಫ್ ಬೋರ್ಡಿನ ವಿಚಾರಣೆಯಾದ ಮೇಲೆ ೧೯೩೨ರ ಕಾಯಿದೆಯು ೭ ರೂಪಾಯಿ ೪ ಆಣೆಯನ್ನು ಸಂರಕ್ಷಣೆಯ ಸುಂಕವೆಂದು ಸ್ಥಿರಪಡಿಸಿತು. ಹೆಚ್ಚುವರಿಯೂ ಅದರೊಡನೆ ವಸೂಲಾಗುತ್ತಿತ್ತು. ಬಂಡವಾಳ ಹಾಕುವವರಿಗೆ, ಈ ಆಸರೆಯು ಇಂತಿಷ್ಟು ವರ್ಷ ಇರುವುದೆಂಬ ಭರವಸೆಯು ಇದರಿಂದ ದೊರೆಯಿತು.

ಸುಂಕದ ಫಲ

ಫಲವು ಶೀಘ್ರವಾಗಿಯೇ ಕಂಡುಬಂದಿತು. ೧೯೩೧-೩೨ರಲ್ಲಿ ಸುಮಾರು ಮೂವತ್ತು ಇದ್ದ ಕಾರ್ಖಾನೆಗಳು ಐದು ವರ್ಷಗಳಲ್ಲಿ ನೂರಮೂವತ್ತನ್ನು ಮೀರಿದುವು. ಅವುಗಳಲ್ಲಿ ತಯಾರಾದ ಸಕ್ಕರೆಯು ಸುಮಾರು ಒಂದೂವರೆ ಲಕ್ಷ ಟನ್ನಿನಿಂದ ಹತ್ತು ಲಕ್ಷ ಟನ್ನಿಗೂ ಮೇಲಾಯಿತು. ಜಾವಾ ಸಕ್ಕರೆಯು ಹೆಚ್ಚು ಕಡಮೆ ನಿಂತೇಹೋಯಿತು. ಮೈಸೂರು ಸಂಸ್ಥಾನದಲ್ಲಿ ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಸೀಮೆಗೆ ಹರಿದುದೂ ಆ ವರ್ಷಗಳಲ್ಲಿಯೇ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಅಲ್ಲಿ ಸ್ಥಾಪಿತವಾಯಿತು. ನೀರು, ಕಾರ್ಖಾನೆ, ಸುಂಕ ಈ ಮೂರೂ ಕೂಡಿ ಬಂದುದರಿಂದ ರಾಗಿಯ ಸೀಮೆಯು ಕಬ್ಬಿನ ಸೀಮೆಯಾಯಿತು.

ಇನ್ನು ಭಾರವನ್ನು ಲೆಕ್ಕ ಹಾಕೋಣ. ಬಂಗಾಳಿ ಮಣವು ೮೨ ಪೌಂಡಿಗಿಂತ ಸ್ವಲ್ಪ ಹೆಚ್ಚು; ಅದಕ್ಕೆ ೪೦ ಸೇರು. ಹಂಡ್ರೆಡ್‌ವೇಟಿಗೆ ೯ ರೂಪಾಯಿ ೧ ಆಣೆಯೆಂದರೆ ಮಣಕ್ಕೆ ಸುಮಾರು ೬ ರೂಪಾಯಿ ೧೦ ಆಣೆ. ಸೇರಿಗೆ ಎರಡೂವರೆ ಆಣೆಗೂ ತುಸು ಮೇಲೆ. ವಾರಕ್ಕೆ ಒಂದು ಸೇರು ಸಕ್ಕರೆಯನ್ನು ಬಳಸುವ ಮನೆಯ ಮೇಲೆ ವರ್ಷಕ್ಕೆ ಸುಮಾರು ಎಂಟೂವರೆ ರೂಪಾಯಿ ಬೀಳುವಂತಾಯಿತು. ಕಬ್ಬನ್ನೇ ಬೆಳೆಯದ ಖುಷ್ಕಿ ರೈತನೂ, ಕೂಲಿಯವನೂ, ಪಟ್ಟಣದ ಗುಮಾಸ್ತನೂ ಇದನ್ನು ತೆತ್ತರು. ಆಮದು ನಿಂತುದರಿಂದ ಬೊಕ್ಕಸಕ್ಕೆ ಬರುತ್ತಿದ್ದ ಕೋಟಿಗಟ್ಟಲೆ ಆದಾಯವೂ ಹೋಯಿತು. ಅದನ್ನು ತುಂಬಲು ಸರ್ಕಾರವು ೧೯೩೪ರಲ್ಲಿ ದೇಶದ ಕಾರ್ಖಾನೆಗಳ ಸಕ್ಕರೆಯ ಮೇಲೆಯೇ ಹಂಡ್ರೆಡ್‌ವೇಟಿಗೆ ೧ ರೂಪಾಯಿ ೫ ಆಣೆಯ ಅಬಕಾರಿ ಸುಂಕವನ್ನು ಹಾಕಿ, ೧೯೩೭ರಲ್ಲಿ ಅದನ್ನು ೨ ರೂಪಾಯಿಗೆ ಏರಿಸಿತು.

ಪರದೇಶದ ಸಕ್ಕರೆಯು ಬರುತ್ತಿರುವವರೆಗೆ ದೇಶದೊಳಗಿನ ಬೆಲೆಯು ಪರದೇಶದ ಬೆಲೆಗೆ ಸುಂಕವನ್ನು ಸೇರಿಸಿದಷ್ಟಿರುವುದು. ದೇಶದ ಉತ್ಪತ್ತಿಯೇ ಸಾಕಾದ ಮೇಲೆ ಕಾರ್ಖಾನೆಗಳು ತಮ್ಮತಮ್ಮಲ್ಲೇ ಸ್ಪರ್ಧಿಸಿ ಬೆಲೆಯು ಅದಕ್ಕಿಂತಲೂ ಇಳಿಯುವುದು. ೧೯೩೬-೩೭ರಲ್ಲಿ ಸಕ್ಕರೆಯು ಅತಿಯಾಗಿ ತಯಾರಾದಾಗ ಹೀಗೆಯೇ ಆಯಿತು. ಆಗ ಕಾರ್ಖಾನೆಯವರು ೧೯೩೭ರಲ್ಲಿ ಸಿಂಡಿಕೇಟೊಂದನ್ನು ಕಟ್ಟಿಕೊಂಡು ಬೆಲೆಯನ್ನು ಎತ್ತಿಹಿಡಿಯಲು ಯತ್ನಿಸಿದರು. ಹೊರಗಿನ ಸ್ಪರ್ಧೆಯನ್ನು ಸುಂಕವು ತಡೆದಿರುವಾಗ ಒಳಗಿನ ಸ್ಪರ್ಧೆಯನ್ನು ಒಪ್ಪಂದವು ತಡೆದರೆ, ಕೊಳ್ಳುವವನಿಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ.

ರೈತನ ಪಾಲು

ನಮ್ಮ ವಾಚಕರು ವಿಶೇಷವಾಗಿ ಗಮನಿಸತಕ್ಕ ಅಂಶವು ಇದು. ಒಂದು ಮಣ ಸಕ್ಕರೆಗೆ ಸುಮಾರು ಹನ್ನೊಂದು ಮಣ ಕಬ್ಬು ಬೇಕೆಂದಿಟ್ಟುಕೊಂಡರೆ, ಮೇಲೆ ಹೇಳಿದ ಸುಂಕದ ಪೂರ್ಣ ಪ್ರಯೋಜನವು ಕಬ್ಬಿನ ಮಣಕ್ಕೆ ಒಂಬತ್ತೂವರೆ ಆಣೆಯಾಗುವುದು. ಅದು ತಾನಾಗಿಯೇ ರೈತನ ಕೈಗೆ ಬರಲಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ರಸದ ಸಾರವೂ ಇಳಿಯುವುವು. ಹತ್ತಿರ ಒಂದೇ ಕಾರ್ಖಾನೆಯಿರುವಾಗ ಅದು ಹೇಳಿದುದೇ ಬೆಲೆ. ಇದನ್ನು ಕಂಡೇ ೧೯೩೪ರ ಕಬ್ಬಿನ ಕಾಯಿದೆಯು ಕಬ್ಬಿಗೆ ಕನಿಷ್ಠ ಬೆಲೆಯನ್ನು ಗೊತ್ತುಮಾಡುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ೧೯೬೬ರ ಕಬ್ಬಿನ ನಿಯಂತ್ರಣ ಆಜ್ಞೆಯ ಕನಿಷ್ಠ ಬೆಲೆಯೂ, ೨೦೦೯-೧೦ರಿಂದ ಬಂದಿರುವ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆಯೂ ಅದೇ ತತ್ತ್ವದ ಮುಂದುವರಿಕೆ. ಸುಂಕವು ಸರಕಿಗೆ ಬೆಲೆಯನ್ನು ತರುವುದು. ಆ ಬೆಲೆಯನ್ನು ಹಂಚುವುದು ಅದರ ಕೆಲಸವಲ್ಲ. ಹಂಚಿಕೆಗೆ ಬೇರೆ ಕಾಯಿದೆಯೂ ಬೆಳೆಗಾರರ ಸಂಘಟನೆಯೂ ಬೇಕು.

ಸಕ್ಕರೆಯ ಸಂರಕ್ಷಣೆಯು ೧೯೫೦ರಲ್ಲಿ ಕೊನೆಗೊಂಡಿತು. ಆದರೆ ಬೇರೆ ಕಾರಣಗಳಿಗಾಗಿ ಆಮದಿನ ಸುಂಕವು ಏರುತ್ತಲೂ ಇಳಿಯುತ್ತಲೂ ಬಂದಿರುವುದು. ೨೦೧೮ರ ಫೆಬ್ರವರಿಯಲ್ಲಿ ಅದನ್ನು ನೂರಕ್ಕೆ ೫೦ರಿಂದ ನೂರಕ್ಕೆ ೧೦೦ಕ್ಕೆ ಏರಿಸಲಾಯಿತು.

ರೇಷ್ಮೆಯ ನಿದರ್ಶನ

ಒಬ್ಬನ ಸರಕು ಇನ್ನೊಬ್ಬನ ಕಚ್ಚಾ ಸಾಮಗ್ರಿಯಾದಾಗ ಪ್ರಶ್ನೆಯು ಇನ್ನೂ ಜಟಿಲವಾಗುವುದು. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ೨೦೧೧ರ ಆಯವ್ಯಯದಲ್ಲಿ ನೂರಕ್ಕೆ ೩೦ರಿಂದ ೫ಕ್ಕೆ ಇಳಿಸಲಾಯಿತು. ಚೀನಾದ ನೂಲು ಅಗ್ಗವಾಗಿ ನೇಯ್ಗೆಯವರಿಗೆ ಅನುಕೂಲವಾಯಿತು. ನಮ್ಮಲ್ಲಿ ಗೂಡಿನ ಬೆಲೆಯು ಇಳಿದು ಹಿಪ್ಪುನೇರಳೆ ಬೆಳೆಗಾರರು ಕಷ್ಟಕ್ಕೀಡಾದರು. ೨೦೧೩ರಲ್ಲಿ ಸುಂಕವನ್ನು ನೂರಕ್ಕೆ ೧೫ಕ್ಕೆ ಏರಿಸಬೇಕಾಯಿತು. ಒಂದೇ ಹೋಬಳಿಯಲ್ಲಿ ಗೂಡು ಬೆಳೆಯುವವನೂ ಮಗ್ಗದವನೂ ಇರಬಹುದು. ಮುಖಂಡನಾದವನು ಇಬ್ಬರ ಮಾತನ್ನೂ ಕೇಳಬೇಕು.

ಸಾರಾಂಶ

ಸುಂಕವು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಅದು ಕೊಳ್ಳುವವರಿಂದ ಎತ್ತಿದ ಹಣ. ಅದರಿಂದ ಕೈಗಾರಿಕೆಯು ಬಲಗೊಂಡರೆ ಸಾಲವಾಗಿ ಕೊಟ್ಟಂತೆ, ಬಲಗೊಳ್ಳದಿದ್ದರೆ ದಾನ ಕೊಟ್ಟಂತೆ. ಮಹಜರು ಮುಂದೆ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಯುಕ್ತ: ಈ ಬೆಳೆಗೆ ನಮ್ಮ ನೆಲ ಜಲಗಳ ಸ್ವಾಭಾವಿಕ ಅನುಕೂಲವಿರುವುದೇ? ಸುಂಕವು ಎಷ್ಟು ವರ್ಷಗಳಿಗೆ? ಬೆಳೆಗಾರನಿಗೆ ಬರತಕ್ಕ ಪಾಲನ್ನು ಕಾಯಿದೆಯಿಂದ ಗೊತ್ತುಮಾಡಿರುವರೇ? ಗ್ರಾಮದಲ್ಲಿ ಇದರ ಭಾರವನ್ನು ಹೊರುವವರು ಯಾರು?

ಕಡೆಯ ಮಾತು ಬೇಸಾಯಕ್ಕೆ ಸೇರಿದುದು. ಜಾವಾದವರು ನಮ್ಮನ್ನು ಸೋಲಿಸಿದುದು ತಳಿಯ ಬಲದಿಂದ. ಅವರ ಅದೇ ಪಿ.ಒ.ಜೆ. ೨೮೭೮ನ್ನು ಕೋ ೨೯೦ರೊಡನೆ ಸಂಕರಗೊಳಿಸಿ ಕೊಯಮತ್ತೂರಿನಲ್ಲಿ ಕೋ ೪೧೯ನ್ನು ಪಡೆದರು. ಅದು ದಕ್ಷಿಣದ ಕಬ್ಬಿನ ಸೀಮೆಗಳಲ್ಲಿ ಬಹುಕಾಲ ನೆಲೆನಿಂತಿತು. ಸುಂಕವು ಸರ್ಕಾರದ ಒಂದು ಆಜ್ಞೆಯಿಂದ ಇಳಿದುಹೋಗಬಹುದು. ಎಕರೆಯ ಇಳುವರಿಯಲ್ಲಿ ಗಳಿಸಿದುದನ್ನು ಯಾವ ಆಜ್ಞೆಯೂ ಕಿತ್ತುಕೊಳ್ಳಲಾರದು. ಆದುದರಿಂದ ಸುಂಕದ ಆಸರೆಯಿರುವ ವರ್ಷಗಳಲ್ಲಿ ರೋಗವಿಲ್ಲದ ಬಿತ್ತನೆಯ ತುಂಡು, ಹದವರಿತ ನೀರು, ತಕ್ಕಷ್ಟು ಗೊಬ್ಬರ ಇವುಗಳಿಂದ ಇಳುವರಿಯನ್ನು ಹೆಚ್ಚಿಸಿಕೊಂಡು, ಬೆಳೆಗಾರರ ಸಹಕಾರ ಸಂಘವನ್ನು ಬಲಪಡಿಸಿಕೊಳ್ಳುವುದು ದೂರದೃಷ್ಟಿಯುಳ್ಳ ಹಿಡುವಳಿದಾರನ ಕರ್ತವ್ಯವಾಗಿರುವುದು.