ಕುಚ್ಚಲಕ್ಕಿ, ಬಂಗುಡೆಯ ಲೆಕ್ಕ ಅಂತರ್ಜಾಲದಲ್ಲಿ ಉಚಿತ

ಕುಂದಾಪುರ: ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಲ್ಲಿ ಸಕ್ಕರೆ ಕಾಯಿಲೆ ಬಂದವರಿಗೆ ನೆರೆಹೊರೆಯವರು ಕೊಡುವ ಸಲಹೆ ಒಂದಿದೆ: ಬೆಳ್ತಿಗೆ ಬಿಟ್ಟು ಕುಚ್ಚಲಕ್ಕಿ ಉಣ್ಣಿ. ಸಲಹೆ ಪೂರ್ತಿ ತಪ್ಪೇನಲ್ಲ. ಆದರೆ ಅದನ್ನು ನಂಬಿ ಎರಡು ಹೊತ್ತೂ ಬಟ್ಟಲು ತುಂಬ ಗಂಜಿ ಉಣ್ಣುವವರು ಒಮ್ಮೆ ಅಂಕಿಗಳನ್ನು ನೋಡುವುದು ಕ್ಷೇಮ. ಆ ಅಂಕಿಗಳು ಇಂದು ಖರ್ಚಿಲ್ಲದೆ ದೊರೆಯುತ್ತವೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ 'ಭಾರತೀಯ ಆಹಾರ ಸಂಯೋಜನಾ ಕೋಷ್ಟಕ'ವನ್ನು ಹೊರತಂದಿತು. ದೇಶದ ಆರು ವಲಯಗಳಿಂದ ಮಾದರಿ ತರಿಸಿ, 528 ಆಹಾರ ಪದಾರ್ಥಗಳನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಿ ಸಿದ್ಧಪಡಿಸಿದ ಕೃತಿಯಿದು. ಅದರ ಪ್ರಕಾರ 100 ಗ್ರಾಂ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಪಿಷ್ಟಾದಿ ಶರ್ಕರ ಸುಮಾರು 78 ಗ್ರಾಂ. ಪಾಲಿಶ್ ಮಾಡಿದ ಕುಚ್ಚಲಕ್ಕಿಯಲ್ಲಿ ಸುಮಾರು 77 ಗ್ರಾಂ. ಅಂತರ ಇಷ್ಟೇ! ವ್ಯತ್ಯಾಸ ಎದ್ದು ಕಾಣುವುದು ಥಯಾಮಿನ್ ಎಂಬ ಬಿ1 ಜೀವಸತ್ವದಲ್ಲಿ. ಬೆಳ್ತಿಗೆಯಲ್ಲಿ 0.05 ಮಿಲಿಗ್ರಾಂ ಇದ್ದರೆ ಕುಚ್ಚಲಕ್ಕಿಯಲ್ಲಿ 0.17. ಭತ್ತವನ್ನು ಉಮಿಯ ಸಮೇತ ಬೇಯಿಸುವಾಗ ತೌಡಿನಲ್ಲಿರುವ ಈ ಜೀವಸತ್ವ ನೀರಿನಲ್ಲಿ ಕರಗಿ ಕಾಳಿನ ಒಳಭಾಗಕ್ಕೆ ಇಳಿಯುವುದರಿಂದ, ಮಿಲ್ಲಿನಲ್ಲಿ ತೌಡು ಹೋದರೂ ಅದು ಪೂರ್ತಿ ಹೋಗುವುದಿಲ್ಲ. ತೌಡು ಉಳಿಸಿಕೊಂಡ ಊರಿನ ಕೆಂಪಕ್ಕಿಯ ಲೆಕ್ಕ ಇನ್ನೂ ಬೇರೆ.

ಅನ್ನ ಉಂಡ ಮೇಲೆ ರಕ್ತದ ಸಕ್ಕರೆ ಎಷ್ಟು ಬೇಗ ಏರುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಅದರ ಅಳತೆಯಾದ ಗ್ಲೈಸೆಮಿಕ್ ಸೂಚ್ಯಂಕವನ್ನು ಸಿಡ್ನಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ತಳಿ, ಪಾಲಿಶ್, ಬೇಯಿಸುವ ಕ್ರಮಕ್ಕೆ ತಕ್ಕಂತೆ ಈ ಸಂಖ್ಯೆ ಬದಲಾಗುವುದರಿಂದ ಕುಚ್ಚಲಕ್ಕಿ ಎಂದೊಡನೆ ನಿಶ್ಚಿಂತರಾಗುವಂತಿಲ್ಲ. ಬಟ್ಟಲಿನ ಗಾತ್ರವೂ ಅಷ್ಟೇ ಮುಖ್ಯ. ಕೋಷ್ಟಕ ನೋಡಿ ಮಾತ್ರೆಯ ಪ್ರಮಾಣ ಬದಲಿಸುವುದಂತೂ ಸಲ್ಲದು. ಅದು ವೈದ್ಯರ ಕೆಲಸ.

ಕೋಷ್ಟಕ ಓದುವಾಗ ಎಡವುವ ಜಾಗ ಎರಡು. ಅಕ್ಕಿಯ ಅಂಕಿಗಳು ಹಸಿ ಅಕ್ಕಿಯವು, ಅನ್ನದವಲ್ಲ. ನೀರು ಹೀರಿದ ಅನ್ನ ಅಕ್ಕಿಯ ಎರಡು ಪಟ್ಟಿಗೂ ಮೀರಿ ತೂಗುತ್ತದೆ. ಶಕ್ತಿಯನ್ನು ಕಿಲೋಜೂಲ್‌ಗಳಲ್ಲಿ ಕೊಟ್ಟಿರುವುದರಿಂದ ಕ್ಯಾಲೊರಿ ಬೇಕಾದವರು 4.184ರಿಂದ ಭಾಗಿಸಬೇಕು.

ಮೀನಿನ ವಿಷಯಕ್ಕೆ ಬಂದರೆ ಗೊಂದಲ ಹೆಚ್ಚು. ಅಮೆರಿಕದ ಕೃಷಿ ಇಲಾಖೆಯು 2019ರಲ್ಲಿ ಆರಂಭಿಸಿದ 'ಫುಡ್‌ಡೇಟಾ ಸೆಂಟ್ರಲ್' ಕೂಡ ಉಚಿತವೇ. ಅಲ್ಲಿ ಮ್ಯಾಕೆರೆಲ್ ಎಂದು ಹುಡುಕಿದರೆ ಸಿಗುವ ಅಟ್ಲಾಂಟಿಕ್ ಮೀನಿನ 100 ಗ್ರಾಂನಲ್ಲಿ ಕೊಬ್ಬು ಸುಮಾರು 14 ಗ್ರಾಂ. ಗಂಗೊಳ್ಳಿ ಬಂದರಿನಲ್ಲಿ ಇಳಿಯುವ ಬಂಗುಡೆ ಆ ಮೀನಲ್ಲ, ಜಾತಿಯೇ ಬೇರೆ. ಆದ್ದರಿಂದ ಮೊದಲು 'ಫಿಶ್‌ಬೇಸ್' ತಾಣದಲ್ಲಿ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿಕೊಳ್ಳುವುದು ಲೇಸು. ಬಂಗುಡೆ ರಾಸ್ಟ್ರೆಲಿಗರ್ ಕನಗುರ್ಟಾ, ಬೂತಾಯಿ ಸಾರ್ಡಿನೆಲ್ಲಾ ಲಾಂಜಿಸೆಪ್ಸ್. ಬೂತಾಯಿಯ ಕೊಬ್ಬು ಋತುವಿಗೆ ತಕ್ಕಂತೆ ಏರಿಳಿಯುತ್ತದೆ ಎಂಬುದು ಮೀನು ಕೊಳ್ಳುವ ಹೆಂಗಸರಿಗೆ ವಿಜ್ಞಾನಿಗಳಿಗಿಂತ ಮೊದಲೇ ತಿಳಿದಿರಬೇಕು.

ಇದೇ ಹೆಸರುಗಳು ಇಲ್ಲಿನ ಕಾಲೇಜು ವಿದ್ಯಾರ್ಥಿಗಳಿಗೂ ಉಪಯುಕ್ತ. 1997ರಿಂದ ಎಲ್ಲರಿಗೂ ತೆರೆದಿರುವ 'ಪಬ್‌ಮೆಡ್', 2004ರಲ್ಲಿ ಬಂದ 'ಗೂಗಲ್ ಸ್ಕಾಲರ್' ಎರಡರಲ್ಲೂ ವೈಜ್ಞಾನಿಕ ಹೆಸರಿನಿಂದ ಹುಡುಕಿದರೆ ಸಂಶೋಧನಾ ಲೇಖನಗಳು ಸಾಲುಗಟ್ಟುತ್ತವೆ. ಪೂರ್ಣ ಪಾಠಕ್ಕೆ ಹಣ ಕೇಳಿದರೆ ಅದೇ ಲೇಖನದ ಉಚಿತ ಪ್ರತಿಯನ್ನು 'ಅನ್‌ಪೇವಾಲ್' ಹುಡುಕಿಕೊಡಬಹುದು. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ'ದಲ್ಲಿವೆ. ಕರಾವಳಿ ಮೀನುಗಾರಿಕೆಯ ವರದಿಗಳಿಗೆ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಕ್ತ ಭಂಡಾರವಿದೆ.

ಇವೆಲ್ಲ ಬಹುಪಾಲು ಇಂಗ್ಲಿಷಿನಲ್ಲಿವೆ ಎಂಬುದೇ ತೊಡಕು. ಹೈದರಾಬಾದಿನ ಕೋಷ್ಟಕ ಮಾತ್ರ ಪದಾರ್ಥಗಳ ಪ್ರಾದೇಶಿಕ ಹೆಸರುಗಳನ್ನೂ ಕೊಟ್ಟು ಉಪಕಾರ ಮಾಡಿದೆ. ಹಾಗೆಂದು ಅದರಲ್ಲಿ ಪತ್ರೊಡೆ ಹುಡುಕಿ ಫಲವಿಲ್ಲ. ಕೆಸುವಿನೆಲೆ, ಅಕ್ಕಿ, ತೆಂಗಿನಕಾಯಿಗಳನ್ನು ಮನೆಯ ತಕ್ಕಡಿಯಲ್ಲಿ ಬೇರೆ ಬೇರೆ ತೂಗಿ ಕೂಡಿಸಿಕೊಳ್ಳಬೇಕು.