ಯಜಮಾನ ಬಾರದ ಮನೆ

ಫ್ರಾನ್ಸಿನ ನಟ್ಟನಡುವೆ ಬೂರ್ಜ್ ಎಂಬ ಹಳೆಯ ಊರಿದೆ. ಅಲ್ಲಿನ ಒಂದು ದೊಡ್ಡ ಮನೆಯ ಮುಂದೆ ನಿಂತು ತಲೆ ಎತ್ತಿದರೆ, ಹೆಬ್ಬಾಗಿಲಿನ ಆಚೀಚೆ ಎರಡು ಕಿಟಕಿಗಳಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಬೀದಿಯತ್ತ ಬಗ್ಗಿ ನೋಡುತ್ತಿರುವುದು ಕಾಣುತ್ತದೆ. ಯಜಮಾನ ಬಂದನೇ ಎಂದು ದಾರಿ ಕಾಯುವವರ ಹಾಗೆ. ಅವರು ಕಲ್ಲಿನವರು, ಕಿಟಕಿಗಳೂ ಕಲ್ಲಿನವೇ. 550ಕ್ಕೂ ಹೆಚ್ಚು ವರ್ಷಗಳಿಂದ ಹಾಗೇ ಕಾಯುತ್ತಿದ್ದಾರೆ.

ಮನೆ ಕಟ್ಟಿಸಿದವನು ಜಾಕ್ ಕೆರ್. ಇದೇ ಊರಿನ ತುಪ್ಪಳ ವ್ಯಾಪಾರಿಯ ಮಗ. 1432ರಲ್ಲಿ ವ್ಯಾಪಾರದ ದಾರಿ ಹುಡುಕಿ ಡಮಾಸ್ಕಸ್‌ವರೆಗೆ ಹೋಗಿಬಂದ. ಮುಂದೆ ಅವನದೇ ಹಡಗುಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡಿದವು. ಫ್ರಾನ್ಸಿನ ಬಟ್ಟೆ, ಬೆಳ್ಳಿ ಆಚೆಗೆ ಹೋದರೆ ರೇಷ್ಮೆ, ಸಾಂಬಾರ ಪದಾರ್ಥ ಈಚೆಗೆ ಬರುತ್ತಿದ್ದವು. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಆಗ ಯುರೋಪಿಗೆ ಹೋಗುತ್ತಿದ್ದುದು ಹೆಚ್ಚಾಗಿ ಅಲೆಕ್ಸಾಂಡ್ರಿಯಾದಂಥ ಬಂದರುಗಳ ಮೂಲಕವೇ. ಅವನ ಹಡಗುಗಳು ಸರಕು ತುಂಬುತ್ತಿದ್ದುದೂ ಅಲ್ಲೇ. ದೊರೆ ಏಳನೇ ಚಾರ್ಲ್ಸ್ ಅರಮನೆಗೆ ಬಟ್ಟೆಬರೆ, ಒಡವೆ ಒದಗಿಸುವ ಹೊಣೆಯನ್ನು ಅವನಿಗೇ ಒಪ್ಪಿಸಿದ.

ಕೈಯಲ್ಲಿ ಹಣ ಆಡಿದಾಗ ಊರಿನ ನೆನಪಾಯಿತು. 1443ರ ಹೊತ್ತಿಗೆ ಮನೆ ಕೆಲಸ ಶುರುವಾಯಿತು. ಹಿಂಭಾಗಕ್ಕೆ ರೋಮನ್ನರ ಕಾಲದ ಕೋಟೆಗೋಡೆಯೇ ಆಸರೆ. ಒಳಗೆ ಚಿತ್ರಾಲಂಕಾರದ ಪ್ರಾರ್ಥನಾ ಮಂದಿರ, ಬಿಸಿನೀರಿನ ಸ್ನಾನದ ಕೋಣೆ. ಫ್ರೆಂಚಿನಲ್ಲಿ 'ಕೆರ್' ಎಂದರೆ ಹೃದಯ. ಸಂತ ಜಾಕ್‌ನ ಗುರುತು ಚಿಪ್ಪು. ಹಾಗಾಗಿ ಎಲ್ಲಿ ನೋಡಿದರೂ ಹೃದಯ ಮತ್ತು ಚಿಪ್ಪಿನ ಕೆತ್ತನೆ. ಹಡಗಿನ ಚಿತ್ರವೂ ಇದೆ. ಗಟ್ಟಿ ಎದೆಯವರಿಗೆ ಅಸಾಧ್ಯವೆಂಬುದಿಲ್ಲ ಎಂಬುದು ಅವನ ಧ್ಯೇಯವಾಕ್ಯ. ಹೆಬ್ಬಾಗಿಲ ಮೇಲೆ ಕುದುರೆಯೇರಿದ ದೊರೆಯ ಮೂರ್ತಿಯನ್ನೂ ನಿಲ್ಲಿಸಿದ್ದ.

ಆ ದೊರೆಯೇ ಮುಳುವಾದ. ಇಂಗ್ಲಿಷರಿಂದ ನಾರ್ಮಂಡಿಯನ್ನು ಬಿಡಿಸಿಕೊಳ್ಳುವ ಯುದ್ಧಕ್ಕೆ ಕೆರ್ ಅಪಾರ ಸಾಲ ಕೊಟ್ಟಿದ್ದ. ಆಸ್ಥಾನದ ಎಷ್ಟೋ ಮಂದಿಯೂ ಅವನ ಸಾಲಗಾರರೇ. ದೊರೆಯ ಪ್ರೇಯಸಿ ಆಗ್ನೆಸ್ ಸೊರೆಲ್ 1450ರಲ್ಲಿ ತೀರಿಕೊಂಡಳು. ಅವಳಿಗೆ ವಿಷ ಹಾಕಿಸಿದನೆಂಬ ಆರೋಪದ ಮೇಲೆ 1451ರ ಜುಲೈ 31ರಂದು ಅವನನ್ನು ಸೆರೆಹಿಡಿದರು. ಆ ಆರೋಪ ನಿಲ್ಲಲಿಲ್ಲ. ಬೇರೆ ಆರೋಪಗಳು ಸಾಲಾಗಿ ಬಂದವು. 1453ರ ಮೇ ತಿಂಗಳಲ್ಲಿ ಶಿಕ್ಷೆಯಾಯಿತು, ಆಸ್ತಿ ಮುಟ್ಟುಗೋಲಾಯಿತು. ಮನೆ ಆಗತಾನೇ ಮುಗಿಯುವ ಹಂತಕ್ಕೆ ಬಂದಿತ್ತು. ನೆಮ್ಮದಿಯಾಗಿ ಅಲ್ಲಿ ಬಾಳುವ ಯೋಗ ಅವನಿಗಿರಲಿಲ್ಲ.

1454ರಲ್ಲಿ ಸೆರೆಯಿಂದ ತಪ್ಪಿಸಿಕೊಂಡು ರೋಮ್ ಸೇರಿದ. 1456ರಲ್ಲಿ ಪೋಪ್ ಕಳಿಸಿದ ನೌಕಾಪಡೆಯ ಜೊತೆ ಹೋಗಿ, ಏಜಿಯನ್ ಸಮುದ್ರದ ಖಿಯೋಸ್ ದ್ವೀಪದಲ್ಲಿ ಕಣ್ಣು ಮುಚ್ಚಿದ. ಆಮೇಲೆ ದೊರೆ ಮನೆಯನ್ನು ಮಕ್ಕಳಿಗೆ ಮರಳಿಸಿದ. 1682ರಲ್ಲಿ ಅದು ಊರಾಡಳಿತದ ಕೈಸೇರಿ, ಬಹುಕಾಲ ನ್ಯಾಯಾಲಯವೂ ಆಗಿತ್ತು. ನ್ಯಾಯ ಸಿಗದವನ ಮನೆಯಲ್ಲೇ ನ್ಯಾಯಾಲಯ! 1923ರಲ್ಲಿ ಸರ್ಕಾರ ಕೊಂಡು ಜೀರ್ಣೋದ್ಧಾರ ಮಾಡಿಸಿತು. ಈಗ ಟಿಕೆಟ್ ಪಡೆದು ಯಾರು ಬೇಕಾದರೂ ಒಳಗೆ ಹೋಗಬಹುದು.

ಹೊರಗೆ ದುಡಿದು ಊರಲ್ಲಿ ಮನೆ ಕಟ್ಟಿಸಿದವರು ನಮ್ಮಲ್ಲೂ ಬಹಳ. ಗೃಹಪ್ರವೇಶ ಮುಗಿಸಿ, ಬೀಗ ಹಾಕಿ, ಅದೇ ರಾತ್ರಿ ಮುಂಬೈ ಬಸ್ಸು ಹತ್ತಿದವರಿದ್ದಾರೆ. ಮುಂದಿನ ರಜೆಗೆ ಹೋದರಾಯಿತು, ನಿವೃತ್ತಿಯಾದ ಮೇಲೆ ಇದ್ದರಾಯಿತು ಎನ್ನುತ್ತೇವೆ. ಕೆರ್‌ನಿಗೆ ಆ ಮುಂದಿನ ದಿನ ಬರಲೇ ಇಲ್ಲ. ಹೆಬ್ಬಾಗಿಲ ಮೇಲಿದ್ದ ದೊರೆಯ ಮೂರ್ತಿಯನ್ನು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಒಡೆದುಹಾಕಿದರು. ಕಿಟಕಿಯಲ್ಲಿ ಕಾಯುವ ಆ ಇಬ್ಬರು ಮಾತ್ರ ಇನ್ನೂ ಬೀದಿ ನೋಡುತ್ತಿದ್ದಾರೆ. ಈ ಸಲದ ಹಬ್ಬಕ್ಕೆ ರಜೆ ಸಿಕ್ಕರೆ ಬೀಗ ತೆಗೆದು, ನಾಲ್ಕು ದಿನ ಒಲೆ ಹಚ್ಚಿ ಬನ್ನಿ.